ಬಾಲದ ತುಂಡು

ಕಾಗೆ ಜಾಲಿಮರದ ಕೊಂಬೆಯಿಂದ ಇಳಿಯಲಿಲ್ಲ.

ಎಡೆ ಇಟ್ಟು ಮುಕ್ಕಾಲು ಗಂಟೆಯಾಗಿತ್ತು. ಹಸಿಮಣ್ಣಿನ ದಿಬ್ಬದ ತಲೆಯ ಕಡೆಗೆ ಮುತ್ತುಗದ ಎಲೆ. ಎಲೆಯ ಮೇಲೆ ಎರಡು ಜೋಳದ ರೊಟ್ಟಿ, ಅನ್ನ, ಪುಂಡಿಪಲ್ಲೆ, ಗಾಜಿನ ಲೋಟದಲ್ಲಿ ಚಹಾ, ಎಲೆಅಡಿಕೆ. ನಟ್ಟನಡುವೆ ದೊನ್ನೆಯಲ್ಲಿ ರೋಹು ಮೀನಿನ ಸಾರು, ಅದರಲ್ಲಿ ಬಾಲದ ತುಂಡು. ಆ ತುಂಡನ್ನು ಮಾಣಿಕಪ್ಪ ತಾನೇ ಆರಿಸಿ ಇಟ್ಟಿದ್ದ. ಮೂವತ್ತನಾಲ್ಕು ವರ್ಷ ಅಮೃತಬಾಯಿ ಗಂಡನಿಗೆ ಹೊಟ್ಟೆಯ ತುಂಡು ಬಡಿಸಿ, ಮಗಳು ಸ್ವರೂಪಾಗೆ ನಡುವಿನ ತುಂಡು ಹಾಕಿ, ಬಾಲವನ್ನು ತನಗೆಂದು ಪಾತ್ರೆಯಲ್ಲೇ ಉಳಿಸಿಕೊಳ್ಳುತ್ತಿದ್ದಳು. ಅವಳಿಗೆ ಅದೇ ಇಷ್ಟ ಎಂಬುದು ಅವನಿಗೆ ತನ್ನ ಹೆಸರು ಗೊತ್ತಿದ್ದಷ್ಟು ಗೊತ್ತಿತ್ತು. ಆ ಮೀನನ್ನು ಹೋದ ಭಾನುವಾರ ಅವನೇ ಹಿಡಿದಿದ್ದ, ಅವಳೇ ಕೊಯ್ದು ಉಪ್ಪು ಅರಿಸಿನ ಹಚ್ಚಿ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಸೋಮವಾರ ಬೆಳಗ್ಗೆ ಚಹಾಕ್ಕೆ ನೀರಿಟ್ಟವಳು ಒಲೆಯ ಮುಂದೆಯೇ ಕುಸಿದು ಹೋದಳು.

ತೀರಿಕೊಂಡವರು ಮೂರನೆಯ ದಿನ ಒಮ್ಮೆ, ಹತ್ತನೆಯ ದಿನ ಒಮ್ಮೆ ಕಾಗೆಯಾಗಿ ಬಂದು ತಮಗೆ ಬೇಕಾದ್ದನ್ನು ಮುಟ್ಟಿ ಹೋಗುತ್ತಾರೆ. ಮುಟ್ಟಿದರೆ ಜೀವ ತೃಪ್ತಿಯಾಗಿದೆ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ. ಜಹೀರಾಬಾದಿನ ಆ ಮಸಣದಲ್ಲಿ ಬಿಸಿಲಿಗೆ ತಲೆಯ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ ಇಪ್ಪತ್ತು ಮಂದಿಯಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಏನೋ ಒಂದು ಆಸಿ ಉಳದದ ಮಾಣಿಕಪ್ಪ," ಎಂದ ಕುಲದ ಹಿರಿಯ ಭೀಮಾಶಂಕರ. "ಮಾತು ಕೊಡು. ಕೊಟ್ರ ಇಳೀತದ."

ಮಾಣಿಕಪ್ಪ ಕೈಮುಗಿದ. "ಸ್ವರೂಪಾನ ಕೂಸಿನ ಜಾವಳ ನಾನೇ ನಿಂತು ಮಾಡಸ್ತೀನಿ," ಎಂದ. ಕಾಗೆ ಕೊಕ್ಕನ್ನು ಕೊಂಬೆಗೆ ಉಜ್ಜಿತು. "ನೀ ಹೇಳಿದಂಗ ಪಂಢರಪುರಕ್ಕ ಹೋಗಿ ಬರ್ತೀನಿ." ಕಾಗೆ ಆಚೆ ತಿರುಗಿ ಕೂತಿತು. "ಇನ್ನೇನು ಬೇಕು, ಹೇಳು ತಾಯಿ," ಎಂದ.

"ಜೀವ ಇದ್ದಾಗೇ ಆಕಿ ಬಾಯಿ ಬಿಟ್ಟು ಒಂದೂ ಬೇಡಲಿಲ್ಲ," ಎಂದು ಹಿಂದಿನಿಂದ ಯಾವಳೋ ಮುದುಕಿ ಗೊಣಗಿದಳು. "ಈಗ ಹ್ಯಾಂಗ ಹೇಳ್ತಾಳ?"

ಅಮೃತಬಾಯಿಯ ತಮ್ಮ ಪೀರಪ್ಪ ಎಲ್ಲರಿಂದ ದೂರ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ರಾಯಿಕೋಡಿನಿಂದ ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದಿದ್ದ. ಅವನು ಒಮ್ಮೆ ಎಲೆಯನ್ನು ನೋಡಿದ, ಒಮ್ಮೆ ಭಾವನ ಮುಖ ನೋಡಿದ, ಬಾಯಿ ತೆರೆದ, ಮತ್ತೆ ಮುಚ್ಚಿದ. ಕೊನೆಗೆ ಹೊತ್ತು ಏರಿತೆಂದು ಎಡೆಯನ್ನು ಎತ್ತಿ ಆಕಳ ಮುಂದೆ ಇಟ್ಟರು. ಆಕಳು ಮೀನಿನ ದೊನ್ನೆಯನ್ನು ಮೂಸಿ ಪಕ್ಕಕ್ಕೆ ಸರಿಸಿ ರೊಟ್ಟಿ ತಿಂದಿತು.

ಮನೆಗೆ ಬಂದ ಮೇಲೆ ಮಾಣಿಕಪ್ಪ ಗೋಡೆಗೆ ಒರಗಿ ಕೂತು ಅದನ್ನೇ ಯೋಚಿಸಿದ. ಗಾಳ ಹಿಡಿದವನ ಬುದ್ಧಿ ಗಾಳದವನ ಉತ್ತರವನ್ನೇ ಕೊಟ್ಟಿತು. ಮೀನು ಹಳತಾಗಿತ್ತು. ನಾಲ್ಕು ದಿನ ಫ್ರಿಜ್ಜಿನಲ್ಲಿದ್ದ ಮೀನನ್ನು ಯಾವ ಕಾಗೆ ಮುಟ್ಟೀತು? ಹತ್ತನೆಯ ದಿನಕ್ಕೆ ತಾಜಾ ರೋಹು ಬೇಕು, ಬಾಲವೇ ಅಂಗೈ ಅಗಲ ಇರುವಂಥದ್ದು ಬೇಕು. ಇಷ್ಟು ಗೊತ್ತಾದ ಮೇಲೆ ಅವನಿಗೆ ಮೂರು ದಿನದಲ್ಲಿ ಮೊದಲ ಸಲ ಸ್ವಲ್ಪ ಹಗುರೆನಿಸಿತು.

ರೋಹು ಹೆಚ್ಚೋ ಕೊರಮೀನು ಹೆಚ್ಚೋ ಎಂಬ ಮಾತು ಆ ಭಾವ ಮೈದುನರ ನಡುವೆ ಮದುವೆಯಷ್ಟೇ ಹಳೆಯದು. ಮಾಣಿಕಪ್ಪ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಎರಡು ವರ್ಷದ ಹಿಂದೆ ನಿವೃತ್ತನಾದವನು. ವಾರವೆಲ್ಲ ಯಂತ್ರಗಳ ಸದ್ದಿನಲ್ಲಿ ನಿಂತು ದುಡಿದವನಿಗೆ ಭಾನುವಾರ ನೀರಿನ ದಂಡೆಯಲ್ಲಿ ಕೂರುವುದೇ ದೇವರ ಪೂಜೆಯಾಗಿತ್ತು. ರೋಹು ಕೂತವರ ಮೀನು. ಶೇಂಗಾ ಹಿಂಡಿ, ತವುಡು, ಹುರಿದ ಮೆಂತ್ಯ, ಬೆಲ್ಲ, ಏಲಕ್ಕಿ ಎಲ್ಲ ಕಲಸಿ ಉಂಡೆ ಕಟ್ಟಿ ಆಳದ ನೀರಿಗೆ ಬಿಟ್ಟು, ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡಿನ ಮೇಲೆ ಕಣ್ಣಿಟ್ಟು ಕಾಯಬೇಕು. ಬೆಂಡು ಅದ್ದಿದ ಗಳಿಗೆಯಲ್ಲೇ ಎಳೆಯಬೇಕು. ಒಂದು ಉಸಿರು ತಡವಾದರೆ ಮೀನು ಉಂಡೆ ತಿಂದು ಹೋಗುತ್ತದೆ.

ಪೀರಪ್ಪ ಕುರಿ ಕಾಯುವವನು, ಕೂತು ಗೊತ್ತಿಲ್ಲದವನು. ಅವನದು ಕೊರಮೀನು. ಹಾವಿನಂಥ ತಲೆ, ಮೈತುಂಬ ಲೋಳೆ. ಜೊಂಡಿನ ಸಂದಿಯಲ್ಲಿ ಅಡಗಿದ್ದು ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ. ಅದಕ್ಕೆ ಉಂಡೆ ಬೇಡ. ಹಳೇ ಹವಾಯಿ ಚಪ್ಪಲಿಯ ರಬ್ಬರನ್ನು ಕಪ್ಪೆಯಂತೆ ಕತ್ತರಿಸಿ, ಎರಡು ಕೊಕ್ಕೆ ಸಿಕ್ಕಿಸಿ, ಜೊಂಡಿನ ಅಂಚಿನಲ್ಲಿ ಜಿಗಿಸುತ್ತ ದಂಡೆಯುದ್ದಕ್ಕೂ ನಡೆಯಬೇಕು.

"ನೀವು ಮೀನಿಗಿ ಊಟಕ್ಕ ಕರೀತೀರಿ ಭಾವಾ, ನಾ ಜಗಳಕ್ಕ ಕರೀತೀನಿ," ಎನ್ನುತ್ತಿದ್ದ ಪೀರಪ್ಪ.

"ಊಟಕ್ಕ ಕರದ್ರ ಮರ್ಯಾದಸ್ತರು ಬರ್ತಾರ. ಜಗಳಕ್ಕ ಕರದ್ರ ನಿನ್ನಂಥ ಗುಂಡಾಗಳು ಬರ್ತಾವ," ಎಂದು ಮಾಣಿಕಪ್ಪ ತಿರುಗಿಸಿ ಹೇಳುತ್ತಿದ್ದ.

ಮದುವೆಯಾದ ಹೊಸತರಲ್ಲಿ ರಾಯಿಕೋಡಿನ ಮಾವನ ಮನೆಯಲ್ಲಿ ಹದಿನೆಂಟರ ಪೀರಪ್ಪ ಹೊಸ ಭಾವನಿಗೆಂದು ಕೊರಮೀನು ಹಿಡಿದು ತಂದಿದ್ದ. ಅಮೃತಾ ಬೆಳಗಿನಿಂದ ಮಸಾಲೆ ಅರೆದು ಸಾರು ಮಾಡಿದ್ದಳು. ಮಾಣಿಕಪ್ಪ ತಟ್ಟೆಯನ್ನು ಸರಿಸಿ, "ಹಾವಿನ ತಲಿ ಮೀನು ನಮ್ಮ ಮನ್ಯಾಗ ನಡ್ಯಂಗಿಲ್ಲ, ಈಗೇ ಹೇಳಿಬಿಡ್ತೀನಿ," ಎಂದಿದ್ದ. ಎಲ್ಲರೂ ನಕ್ಕರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಮೃತಾ ಕೂಡ ನಕ್ಕಳು. ಅಂದಿನಿಂದ ಅವನ ಮನೆಗೆ ಕೊರಮೀನು ಬರಲಿಲ್ಲ. ಬರಲಿಲ್ಲ ಎಂದು ಅವನು ತಿಳಿದಿದ್ದ.

ಎಂಟನೆಯ ದಿನ ಬೆಳಗ್ಗೆ ಅವನು ಗಾಳದ ಕೋಲನ್ನು ಬಟ್ಟೆಯ ಚೀಲದಲ್ಲಿ ಸುತ್ತುವುದನ್ನು ಕಂಡು ಸ್ವರೂಪಾ ಅಡುಗೆಮನೆಯ ಬಾಗಿಲಿಗೆ ಬಂದಳು. ತಾಂಡೂರಿನ ಶಾಲೆಯೊಂದರಲ್ಲಿ ಪಾಠ ಹೇಳುವ ಅವಳು ರಜೆ ಹಾಕಿ, ಕೂಸನ್ನು ಎತ್ತಿಕೊಂಡು ಬಂದು ತವರಿನಲ್ಲೇ ಉಳಿದಿದ್ದಳು.

"ಅಪ್ಪಾ, ಸೂತಕದಾಗ ಜೀವ ಹಿಡೀತಾರೇನ್ರಿ?"

"ನಿಮ್ಮವ್ವಗೇ ಅಲ್ಲೇನು? ಫ್ರಿಜ್ಜಿನ ಮೀನು ಆಕಿಗಿ ಸೇರಲಿಲ್ಲ. ತಾಜಾ ತರ್ತೀನಿ."

ಸ್ವರೂಪಾ ಬಾಣಲೆಯ ಕಡೆ ನೋಡಿದಳು. "ಮೆಂತ್ಯ ಹೊತ್ತದ," ಎಂದಷ್ಟೇ ಅಂದಳು. ಪ್ರತಿ ಶನಿವಾರ ಮೆಂತ್ಯ ಹುರಿದು ಕೊಡುತ್ತಿದ್ದವಳು ಅಮೃತಬಾಯಿ. ಆ ದಿನ ಅವನೇ ಹುರಿಯಲು ಹೋಗಿ ಕರಕಲು ಮಾಡಿದ್ದ. ಅದನ್ನೇ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದ.

ರಾಯಿಕೋಡಿನಾಚೆ ಮಂಜೀರದ ಹಿನ್ನೀರು ಬೇಸಗೆಗೆ ಒಳಕ್ಕೆ ಸರಿದಿತ್ತು. ಬಿರಿದ ಕೆಸರನ್ನು ದಾಟಿ ಆಳವಿದ್ದ ಕಡೆ ಅವನು ಕೂತ. ಬೆಂಡು ನಿಂತಿತು. ಹೊತ್ತು ಏರಿತು. ಬಾಯಲ್ಲಿ ವಿಠ್ಠಲನ ನಾಮ, ಕಣ್ಣು ಬೆಂಡಿನ ಮೇಲೆ. 'ಒಂದೇ ಒಂದು ಕೊಡು ತಂದೆ, ಇನ್ನು ಮೇಲೆ ಕೋಲು ಮುಟ್ಟುವುದಿಲ್ಲ' ಎಂದು ಮನಸ್ಸಿನಲ್ಲೇ ಹರಕೆ ಹೊತ್ತ.

ಕುರಿಗಳನ್ನು ನೀರಿಗೆ ಬಿಟ್ಟು ಪೀರಪ್ಪ ಹಿಂದೆ ಬಂದು ನಿಂತಿದ್ದು ಅವನಿಗೆ ಗೊತ್ತಾಗಲಿಲ್ಲ. ಬೆಂಡು ಒಮ್ಮೆ ನಡುಗಿ ಅದ್ದಿತು. ಮಾಣಿಕಪ್ಪನ ಮಣಿಕಟ್ಟು ತಾನೇ ಎತ್ತಿತು. ಕೋಲು ಬಿಲ್ಲಾಯಿತು. ಕಾಲು ಗಂಟೆ ಬಿಡುತ್ತ ಎಳೆಯುತ್ತ ಕೊನೆಗೆ ಅವನು ದಂಡೆಗೆ ತಂದದ್ದು ಮೂರು ಕಿಲೋಕ್ಕೆ ಕಡಿಮೆಯಿಲ್ಲದ ರೋಹು. ನೀರು ಸುರಿಯುವ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅವನು ತಿರುಗಿದ. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗೆಯಿತ್ತು.

"ನೋಡಲೇ ಪೀರಪ್ಪ! ನಿಮ್ಮಕ್ಕನ ಪಾಲಿನ ಬಾಲ ನೋಡು, ಎಷ್ಟಗಲ ಅದ!"

ಪೀರಪ್ಪ ನಿಂತಲ್ಲೇ ಕುಕ್ಕರಿಸಿದ. ಕಂಬಳಿಯ ಅಂಚನ್ನು ಮುಖಕ್ಕೆ ಒತ್ತಿಕೊಂಡ.

"ಅದನ್ನ ಇಡಬ್ಯಾಡ್ರಿ ಭಾವಾ."

"ಯಾಕ? ನೀನೂ ಸೂತಕ ಅಂತೀಯೇನು?"

"ಸೂತಕಲ್ಲರಿ." ಪೀರಪ್ಪ ಮುಖ ಎತ್ತಲಿಲ್ಲ. "ಅಕ್ಕ ರೋಹು ತಿಂತಿದ್ದಿಲ್ಲ."

ಮಾಣಿಕಪ್ಪನಿಗೆ ನಗು ಬಂತು. ಈ ಹೊತ್ತಿನಲ್ಲೂ ಇವನಿಗೆ ಅದೇ ಪಂದ್ಯ. "ಮತ್ತ ಮೂವತ್ತನಾಲ್ಕು ವರ್ಷ ನನ್ನ ಮನ್ಯಾಗ ಏನು ಮಣ್ಣು ತಿಂದಾಳೇನು?"

"ಸಾರಿನ್ಯಾಗ ರೊಟ್ಟಿ ಎದ್ದಿ ತಿಂತಿದ್ಲು. ತುಂಡು ಬೆಕ್ಕಿಗಿ ಹಾಕ್ತಿದ್ಲು. ಸ್ವರೂಪಾ ಸಣ್ಣಾಕಿ ಇದ್ದಾಗ ಅಕ್ಕನ ಗಂಟಲಾಗ ಮುಳ್ಳು ಸಿಗಬಿದ್ದಿತ್ತಲ್ಲರಿ. ಎರಡು ದಿನ ರಕ್ತ ಉಗುಳಿದ್ಲು. ಅವತ್ತಿಗೆ ಮುಗೀತು. ಮುಳ್ಳಿನ ಮೀನು ಕಂಡ್ರ ಆಕಿಗಿ ಅಂಜಿಕಿ."

ಮಾಣಿಕಪ್ಪನಿಗೆ ನೆನಪಾಯಿತು. ಒಣ ಅನ್ನದ ಮುದ್ದೆ ನುಂಗಿಸಿದ್ದು. ಮರುದಿನ ಕಾರ್ಖಾನೆಯಲ್ಲಿ ಜೊತೆಯ ಕೆಲಸಗಾರ ಧಮ್ಮಪಾಲನ ಮುಂದೆ, 'ಮೀನು ಹಿಡಿಯೋನ ಹೆಂಡತಿಗೇ ಮುಳ್ಳು ಸಿಗತಲ್ಲೋ' ಎಂದು ಹೇಳಿ ನಕ್ಕಿದ್ದು. ಎರಡು ದಿನದ ರಕ್ತ ನೆನಪಿಗೆ ಬರಲಿಲ್ಲ.

"ನೀ ಕಣ್ಣಾರೆ ನೋಡಿಯೇನು, ಆಕಿ ಬೆಕ್ಕಿಗಿ ಹಾಕಿದ್ದು?"

"ನೋಡೀನಿ." ಪೀರಪ್ಪ ಈಗ ತಲೆ ಎತ್ತಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ. "ನೀವು ನೋಡಿಲ್ಲೇನ್ರಿ?"

ಮಾಣಿಕಪ್ಪ ನೋಡಿರಲಿಲ್ಲ. ಭಾನುವಾರ ಅವನು ಉಂಡು, ಕೈತೊಳೆದು, ಹೊರಗಿನ ಮಂಚದ ಮೇಲೆ ಅಡ್ಡಾಗುತ್ತಿದ್ದ. ಆಮೇಲೆ ಮಗಳು. ಎಲ್ಲರದ್ದೂ ಆದ ಮೇಲೆ ಅವಳು ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತು ಉಣ್ಣುತ್ತಿದ್ದಳು. ಅವಳು ಉಣ್ಣುವುದನ್ನು ಮದುವೆಯಾದಂದಿನಿಂದ ಒಂದು ದಿನ ಕೂಡ ಅವನು ಕೂತು ನೋಡಿರಲಿಲ್ಲ. ಕೈಯಲ್ಲಿದ್ದ ಮೀನು ಒಮ್ಮೆ ಹೊಡೆದುಕೊಂಡಿತು. ಅದು ಭಾರವಾಗಿದೆ ಎಂದು ಆಗ ಅವನಿಗೆ ತಿಳಿಯಿತು.

"ಆಕಿಗಿ ಜೀವ ಇದ್ದದ್ದು ಕೊರಮೀನಿನ ಮ್ಯಾಲ," ಎಂದ ಪೀರಪ್ಪ. "ಒಂದೇ ನಡುಮುಳ್ಳು, ತೆಗೆದಿಟ್ರ ಮುಗೀತು. ನೀವು ಬಿ ಶಿಫ್ಟ್ ಇದ್ದಾಗ ನಾ ಹಾಲಿನ ಕ್ಯಾನಿನ್ಯಾಗ ನೀರು ಹಾಕಿ ಜೀವಂತ ಒಯ್ದು ಕೊಡ್ತಿದ್ದೆ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ. ನೀವು ಬರೋದ್ರಾಗ ಮಾಡಿ, ತಿಂದು, ಭಾಂಡಿ ತೊಳದು, ಊದಿನಕಡ್ಡಿ ಹಚ್ಚಿ ಕೂಡ್ತಿದ್ಲು."

ಹಬ್ಬವಲ್ಲದ ದಿನಗಳಲ್ಲೂ ಬಿ ಶಿಫ್ಟ್ ಮುಗಿಸಿ ರಾತ್ರಿ ಬಂದಾಗ ಮನೆಯೆಲ್ಲ ಊದಿನಕಡ್ಡಿಯ ವಾಸನೆ. 'ನನ್ನ ಹೆಂಡತಿಯಂಥ ದೈವಭಕ್ತೆ ಈ ಓಣಿಯಲ್ಲಿಲ್ಲ' ಎಂದು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದ. ಅವಳು ಎದುರಿಗಿದ್ದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಅದನ್ನು ಅವನು ವಿನಯವೆಂದುಕೊಂಡಿದ್ದ.

"ನನಗ ಯಾಕ ಹೇಳಲಿಲ್ಲ?"

"ನಾನೂ ಕೇಳೀನಿ. 'ಐತವಾರ ಬಾಗಲಾಗ ನಿಂತು ಮೀನು ಎತ್ತಿ ತೋರಸ್ತಾರಲ್ಲೋ ಪೀರು, ಆ ನಗೋ ಮಾರಿ ನೋಡಿ ಹ್ಯಾಂಗ ಹೇಳಲಿ' ಅಂದ್ಲು."

"ಮತ್ತ ಮೂರನೇ ದಿನ ನಿನ್ನ ಬಾಯಿ ಎಲ್ಲಿ ಹೋಗಿತ್ತು? ಅಷ್ಟು ಮಂದ್ಯಾಗ ಆಕಿನ ಉಪಾಸ ಕಳಿಸಿದೆಲ್ಲೋ!"

"ಆಣಿ ಹಾಕಿದ್ಲು ಭಾವಾ. ನನ್ನ ತಲಿ ಮ್ಯಾಲ ಕೈಯಿಟ್ಟು ಆಣಿ ಹಾಕಿದ್ಲು." ಪೀರಪ್ಪ ಅತ್ತ. ಐವತ್ತು ದಾಟಿದ ಗಂಡಸು ಕುರಿಗಳ ನಡುವೆ ಕೂತು ಸದ್ದು ಮಾಡಿ ಅತ್ತ. "ನೀವು ರಿಟೈರ್ ಆದ ಮ್ಯಾಲ ಎರಡು ವರ್ಷ ಒಂದೂ ಒಯ್ಯಾಕ ಆಗಲಿಲ್ಲ. ಯುಗಾದಿ ಮುಂದ ಫೋನ್ ಮಾಡಿದ್ಲು, ಯಾಕೋ ತಿನ್ನಬೇಕನಸ್ತದ ಪೀರು ಅಂತ. ಎರಡು ದಿನ ಬಾ ಅಂದೆ. 'ಅವರಿಗಿ ಕೇಳಿ ಬರ್ತೀನಿ' ಅಂದ್ಲು."

ಅವಳು ಕೇಳಿದ್ದಳು. ಅದೂ ನೆನಪಾಯಿತು. 'ಎರಡು ದಿನ ರಾಯಿಕೋಡಿಗೆ ಹೋಗಿ ಬರಲೇನ್ರಿ?' ಅಂದಾಗ, 'ಐತವಾರ ಕಳೀಲಿ, ಮೀನು ತಂದ್ರ ಯಾರು ಮಾಡ್ತಾರ?' ಎಂದಿದ್ದ. ಆ ಭಾನುವಾರ ಕಳೆಯಿತು. ಅವಳು ಮತ್ತೆ ಕೇಳಲಿಲ್ಲ. ಅವನೂ ಕೇಳಲಿಲ್ಲ.

ಪೀರಪ್ಪನೇ ಎದ್ದು ಭಾವನ ಕೈಯಿಂದ ರೋಹುವನ್ನು ಬಿಡಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದು ಹಿಡಿದು ನಿಂತ. ಮೀನಿಗೆ ಉಸಿರು ಕೂಡಿಬಂದ ಮೇಲೆ ಬಿಟ್ಟ. ಅದು ಅವಸರವಿಲ್ಲದೆ ಆಳಕ್ಕೆ ಹೋಯಿತು.

"ನಾಳೆ ಮುಂಜಾನಿ ಒಂದು ಕೊರಮೀನು ಹಿಡದು ಕೊಡ್ತೀನಿ. ಫಿಕೀರ್ ಮಾಡಬ್ಯಾಡ್ರಿ."

"ಬ್ಯಾಡ," ಎಂದ ಮಾಣಿಕಪ್ಪ. "ನೀ ಕೊಟ್ಟದ್ದು ಆಕಿ ಬಾಳ ತಿಂದಾಳ. ನಾ ಹಿಡೀಬೇಕು."

ಅವನು ಪೀರಪ್ಪನ ಮನೆಯಲ್ಲೇ ಉಳಿದ. ಮರುದಿನ ಹೊತ್ತು ಮೂಡುವಾಗ ಇಬ್ಬರೂ ಜೊಂಡಿನ ಕಡೆಗೆ ಹೋದರು. ಮಾಣಿಕಪ್ಪನ ಕೈಯಲ್ಲಿ ಪೀರಪ್ಪನ ಗಟ್ಟಿ ಕೋಲು, ತುದಿಯಲ್ಲಿ ನೀಲಿ ಚಪ್ಪಲಿಯ ಕಪ್ಪೆ. ಕೂತು ಹಿಡಿದವನಿಗೆ ನಡೆದು ಹಿಡಿಯುವುದು ಬರಲಿಲ್ಲ. ಕೆಸರಿನಲ್ಲಿ ಮೊಣಕಾಲು ನೋಯಿತು. ಕಪ್ಪೆ ಎರಡು ಸಲ ಜೊಂಡಿಗೆ ಸಿಕ್ಕಿತು.

"ಮೆಲ್ಲಗ ಜಿಗಸ್ರಿ. ಸತ್ತ ಕಪ್ಪಿ ಅಲ್ಲರಿ ಅದು, ಬದುಕಿದ್ದು."

ಮೂರನೆಯ ಎಸೆತಕ್ಕೆ ನೀರು ಒಡೆಯಿತು. ಕೊಡ ಮುಳುಗಿದಂಥ ಸದ್ದು. ಕಣ್ಣಿಗೆ ಬಿದ್ದ ಕೂಡಲೇ ಮಾಣಿಕಪ್ಪನ ಮಣಿಕಟ್ಟು ಎತ್ತಿತು. ಕಪ್ಪೆ ಬರಿದಾಗಿ ಹಾರಿ ಬಂದು ಅವನ ಎದೆಗೆ ಬಡಿಯಿತು.

"ತಡೀರಿ ಭಾವಾ! ಇದು ರೋಹು ಅಲ್ಲ. ಬಾಯಾಗ ಹಿಡದು ಒಳಗ ಒಯ್ಯಾಕ ಬಿಡ್ರಿ. ಆಮ್ಯಾಲ ಎಳೀರಿ."

ಗೊತ್ತಾಯಿತೆಂದು ಮಾಣಿಕಪ್ಪ ತಲೆಯಾಡಿಸಿದ. ಮತ್ತೆ ನೀರು ಒಡೆಯಿತು, ಮತ್ತೆ ಅವನು ಎಳೆದ. ಇನ್ನೊಮ್ಮೆಯೂ ಹಾಗೆಯೇ ಆಯಿತು. ತಲೆಗೆ ತಿಳಿದದ್ದು ಕೈಗೆ ತಿಳಿಯಲಿಲ್ಲ. ಮೂವತ್ತು ವರ್ಷ ಬೆಂಡು ಅದ್ದಿದೊಡನೆ ಎಳೆದ ಕೈ ಅದು; ಒಂದು ಕ್ಷಣ ಸುಮ್ಮನಿರುವುದು ಅದಕ್ಕೆ ಗೊತ್ತೇ ಇರಲಿಲ್ಲ. ಬಿಸಿಲು ಚುರುಗುಟ್ಟತೊಡಗಿತು. ಇನ್ನು ಸ್ವಲ್ಪ ಹೊತ್ತಿಗೆ ಮೀನು ಜೊಂಡಿನ ಒಳಕ್ಕೆ ಸರಿಯುತ್ತದೆ. ಮಾಣಿಕಪ್ಪ ಕೋಲನ್ನು ಕೆಳಗಿಟ್ಟು ಕೆಸರಲ್ಲೇ ನಿಂತ.

"ಕಾಯಾಕ ಬರೋದು ಅಂದ್ರ ನನಗೇ ಬರ್ತದ ಅಂದ್ಕೊಂಡಿದ್ನಲ್ಲೋ ಪೀರಪ್ಪ," ಎಂದ.

ಪೀರಪ್ಪ ಕೋಲನ್ನು ಎತ್ತಿ ಮತ್ತೆ ಅವನ ಕೈಗೆ ಕೊಟ್ಟ. ಹಿಂದೆ ನಿಂತು, ಅವನ ಬಲ ಮಣಿಕಟ್ಟನ್ನು ತನ್ನ ಒರಟು ಬೆರಳುಗಳಿಂದ ಬಳಸಿ ಹಿಡಿದ. ಕಪ್ಪೆ ಬಿತ್ತು, ಜಿಗಿಯಿತು, ನಿಂತಿತು, ಜಿಗಿಯಿತು. ನೀರು ಒಡೆಯಿತು. ಮಾಣಿಕಪ್ಪನ ಕೈ ಮೇಲೆ ಬರಲು ನೋಡಿತು. ಪೀರಪ್ಪ ಬಿಡಲಿಲ್ಲ.

"ಈಗಲ್ಲ," ಎಂದು ಕಿವಿಯ ಹತ್ತಿರ ಹೇಳಿದ. "ಈಗಲ್ಲ... ಈಗಲ್ಲ... ಎಳೀರಿ!"

ಮೊಳಕ್ಕಿಂತ ಸ್ವಲ್ಪ ಉದ್ದದ ಕೊರಮೀನು ಜೊಂಡನ್ನು ಸೀಳಿಕೊಂಡು ಬಂತು.

ಹತ್ತನೆಯ ದಿನ ಬೆಳಗ್ಗೆ ಮೊದಲ ಬಸ್ಸಿನಲ್ಲಿ ಮಾಣಿಕಪ್ಪ ಹಾಲಿನ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಪೀರಪ್ಪ, ಹಿಂದಿನ ಸೀಟಿನಲ್ಲಿ ಪೀರಪ್ಪನ ಹೆಂಡತಿ ಈಶಮ್ಮ. ಕ್ಯಾನಿನ ಒಳಗಿಂದ ಆಗಾಗ ಮೀನು ಮೇಲೆ ಬಂದು ಗಾಳಿ ಕುಡಿಯುವ ಗುಳಕ್ ಸದ್ದು. ಈ ಸದ್ದು ಎಷ್ಟು ಸಲ ಇದೇ ದಾರಿಯಲ್ಲಿ ಇದೇ ಮನೆಗೆ ಬಂದಿತ್ತೋ ಎಂದು ಅವನು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

ಕೊರಮೀನು ಕೊಯ್ಯುವುದು ಸ್ವರೂಪಾಗೆ ಬರುವುದಿಲ್ಲವೆಂದು ಈಶಮ್ಮ ಬಂದಿದ್ದಳು. ಹಿತ್ತಲ ಬಂಡೆಯ ಮೇಲೆ ಮೀನನ್ನು ಸುರಿದಳು. ಲೋಳೆಗೆ ಕೈ ನಿಲ್ಲಲಿಲ್ಲ. "ಬೂದಿ ಬೇಕಾಗಿತ್ತವ್ವ. ಗ್ಯಾಸಿನ ಮನ್ಯಾಗ ಎಲ್ಲಿಂದ ತರ್ತಿ? ಪಕ್ಕದ ಮನ್ಯಾಗ ಕೇಳಿ ನೋಡು," ಎಂದಳು.

ಸ್ವರೂಪಾ ಪಕ್ಕದ ಮನೆಗೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ, ಗ್ಯಾಸಿನ ಸಿಲಿಂಡರಿನ ಹಿಂದೆ ಕೈಹಾಕಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಬಂಡೆಯ ಹತ್ತಿರ ಇಟ್ಟಳು. ಮುಚ್ಚಳ ತೆಗೆದಳು. ಅರ್ಧ ಡಬ್ಬಿ ಜರಡಿ ಹಿಡಿದ ನುಣ್ಣನೆಯ ಬೂದಿ.

ಮಾಣಿಕಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಮಗಳು ಅವನನ್ನು ಆಗ ನೋಡಿದಳು.

"ನಿನಗೂ ಗೊತ್ತಿತ್ತೇನು?"

"ಅಪ್ಪಾ..." ಎಂದವಳು ತಲೆ ತಗ್ಗಿಸಿದಳು. "ಅವ್ವ ಹೇಳಬ್ಯಾಡ ಅಂದಿದ್ಲು."

ಈಶಮ್ಮ ಬೂದಿ ತೆಗೆದು ಮೀನಿನ ಮೈಗೆ ಉಜ್ಜತೊಡಗಿದಳು.

ಮಸಣದಲ್ಲಿ ಈ ಸಲ ಹೆಚ್ಚು ಜನ ಸೇರಿದ್ದರು. ಮೂರನೆಯ ದಿನದ ಸುದ್ದಿ ಓಣಿಯಲ್ಲೆಲ್ಲ ಹರಡಿತ್ತು. ಮಾಣಿಕಪ್ಪ ಎಲೆ ಹಾಸಿದ, ಅನ್ನ ಇಟ್ಟ, ದೊನ್ನೆ ಇಟ್ಟ. ದೊನ್ನೆಯಲ್ಲಿ ಈ ಸಲ ಯಾವ ತುಂಡು ಇಡಬೇಕೆಂದು ಅವನಿಗೆ ತೋಚಲಿಲ್ಲ. ಈಶಮ್ಮನೇ ತಲೆಯ ಹಿಂದಿನ ದಪ್ಪ ತುಂಡನ್ನು ಆರಿಸಿ ಹಾಕಿದ್ದಳು.

"ಮಾತು ಏನರೆ ಕೊಡೋದದ ಏನು?" ಎಂದು ಭೀಮಾಶಂಕರ ಕೇಳಿದ.

"ಇಲ್ಲ," ಎಂದ ಮಾಣಿಕಪ್ಪ. ದಿಬ್ಬದ ಮಣ್ಣಿಗೆ ಹಣೆ ಹಚ್ಚಿ ಎದ್ದ. ಎರಡು ಹೆಜ್ಜೆ ಹಿಂದೆ ಬಂದಿದ್ದನೋ ಇಲ್ಲವೋ, ಜಾಲಿಮರದಿಂದ ಕಾಗೆ ನೇರವಾಗಿ ಇಳಿಯಿತು. ಅತ್ತಿತ್ತ ನೋಡಲಿಲ್ಲ. ಅನ್ನವನ್ನು ದಾಟಿ ದೊನ್ನೆಗೆ ಕೊಕ್ಕು ಹಾಕಿ ಒಂದು ಚೂರು ಕಿತ್ತುಕೊಂಡು ಎದ್ದು ಹಾರಿತು.

"ಮುಟ್ತು! ಮುಟ್ತು!" ಎಂದು ಜನ ಹರ್ಷದಿಂದ ಕೂಗಿದರು. ಹೆಂಗಸರು ಕಣ್ಣೊರೆಸಿಕೊಂಡರು. "ಎಷ್ಟು ಜಲ್ದಿ ಬಂದ್ಲು ನೋಡ್ರಿ ತಾಯಿ," ಎಂದಳು ಒಬ್ಬಳು. ಭೀಮಾಶಂಕರ ಮಾಣಿಕಪ್ಪನ ಬೆನ್ನು ತಟ್ಟಿ, "ಆತು, ಹಗುರಾತು. ಇನ್ನ ನಿನಗ ಚಿಂತಿಲ್ಲ," ಎಂದ. ಮಾಣಿಕಪ್ಪ ಕಾಗೆ ಹೋದ ದಿಕ್ಕನ್ನೇ ನೋಡುತ್ತಿದ್ದ. ಅದು ಸ್ವಲ್ಪ ತಡ ಮಾಡಿ ಬಂದಿದ್ದರೂ ಆಗುತ್ತಿತ್ತು ಎನಿಸಿತು ಅವನಿಗೆ.

ಮನೆಯಲ್ಲಿ ಬಂದವರಿಗೆಲ್ಲ ಊಟವಾಯಿತು. ಗಂಡಸರು ಪಂಕ್ತಿ ಮುಗಿಸಿ ಹೊರಟುಹೋದರು. ಪೀರಪ್ಪ ಅಂಗಳದಲ್ಲಿ ಕಂಬಳಿ ಹಾಸಿ ಮಲಗಿದ. ಮಾಣಿಕಪ್ಪ ಮಾತ್ರ ಉಂಡಿರಲಿಲ್ಲ.

"ಏಳ್ರಿ ಅಪ್ಪಾ, ತಾಟು ಹಾಕೀನಿ," ಎಂದಳು ಸ್ವರೂಪಾ.

"ನೀವು ಉಣ್ರಿ ಮೊದಲ. ನಾ ಬಡಸ್ತೀನಿ."

ಈಶಮ್ಮ ಸೆರಗು ಮುಖಕ್ಕೆ ಎಳೆದುಕೊಂಡು ನಕ್ಕಳು. "ಛೀ, ಏನಂತೀರಿ ಅಣ್ಣಾ? ನೀವು ಹಸಗೊಂಡು ನಾವು ಉಣ್ಣೋದೇನ್ರಿ?" ಎಂದವಳು ಕೂಸು ಅತ್ತಿತೆಂದು ನೆಪ ತೆಗೆದು ಎದ್ದು ಒಳಗೆ ಹೋದಳು.

ಅವನು ಬಿಡಲಿಲ್ಲ. ಮಗಳನ್ನು ಭುಜ ಹಿಡಿದು ಕೂರಿಸಿದ. ರೊಟ್ಟಿ ಹಾಕಿದ, ಸೌಟಿನಿಂದ ಸಾರು ಹಾಕಿದ, ಮಧ್ಯದ ತುಂಡು ಹಾಕಿದ. ಬಡಿಸಿ ಅಭ್ಯಾಸವಿಲ್ಲದ ಕೈ, ಸಾರು ನೆಲಕ್ಕೂ ಬಿತ್ತು. ಆಮೇಲೆ ಅವಳ ಎದುರಿಗೆ, ಒಲೆಯ ಕಟ್ಟೆಗೆ ಒರಗಿ, ಕಾಲು ಮಡಿಚಿ ಕೂತ.

ಸ್ವರೂಪಾ ರೊಟ್ಟಿ ಮುರಿದಳು. ಸಾರಿನಲ್ಲಿ ಅದ್ದಿದಳು. ಕೈ ಅಲ್ಲೇ ನಿಂತಿತು. ಒಮ್ಮೆ ಅಪ್ಪನನ್ನು ನೋಡಿದಳು, ತಾಟನ್ನು ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು. ತುತ್ತು ಮೇಲೇಳಲಿಲ್ಲ.

"ಉಣ್ಣವ್ವ," ಎಂದ ಅವನು.

"ಹೂಂ," ಎಂದಳು. ಉಣ್ಣಲಿಲ್ಲ.

ಅವನು ನೆಲಕ್ಕೆ ಕೈಯೂರಿ ನಿಧಾನವಾಗಿ ತಿರುಗಿ, ಅವಳಿಗೆ ಬೆನ್ನು ಕೊಟ್ಟು, ಅಂಗಳದ ಬಿಸಿಲಿನ ಕಡೆಗೆ ಮುಖ ಮಾಡಿದ. ಬೆನ್ನ ಹಿಂದೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅವನು ಅಲುಗದೆ ಕೂತ. ಕೊನೆಗೆ ಬಳೆಗಳು ಒಮ್ಮೆ ಸಣ್ಣಗೆ ಸದ್ದು ಮಾಡಿದವು, ನಿಂತವು, ಮತ್ತೆ ಸದ್ದು ಮಾಡಿದವು.